ತೀರಿಕೊಂಡವಳ ದನಿ

1995ರ ಏಪ್ರಿಲ್ 2ರಂದು ಟೆಕ್ಸಸ್‌ನ ಕಾರ್ಪಸ್ ಕ್ರಿಸ್ಟಿ ಊರಿನಲ್ಲಿ ಮುಚ್ಚಿದ ಶವಪೆಟ್ಟಿಗೆಯೊಂದರ ಮುಂದೆ ಸಾವಿರಾರು ಜನ ಸಾಲುಗಟ್ಟಿದ್ದರು. ಪೆಟ್ಟಿಗೆ ಖಾಲಿಯಿದೆ, ಗಾಯಕಿ ಸೆಲೀನಾ ಸತ್ತೇ ಇಲ್ಲ ಎಂಬ ಗುಲ್ಲೆದ್ದಿತು. ಕೊನೆಗೆ ಮನೆಯವರು ಮುಚ್ಚಳ ತೆಗೆಸಿ ಮುಖ ತೋರಿಸಬೇಕಾಯಿತು. ಮಗಳು ಸತ್ತಿದ್ದಾಳೆ ಎಂಬುದಕ್ಕೆ ಹೆತ್ತವರೇ ಸಾಕ್ಷಿ ಒದಗಿಸಬೇಕಾದ ಗತಿ ಯಾರಿಗೂ ಬರಬಾರದು.

ಸೆಲೀನಾ ಕಿಂಟಾನಿಯಾ ಟೆಕ್ಸಸ್‌ನಲ್ಲೇ ಹುಟ್ಟಿದ ಮೆಕ್ಸಿಕನ್ ಮೂಲದ ಹುಡುಗಿ. ಇಂಗ್ಲಿಷಿನಲ್ಲಿ ಬೆಳೆದವಳು, ಸ್ಪ್ಯಾನಿಷ್ ಹಾಡುಗಳನ್ನು ಕಿವಿಯಿಂದಲೇ ಕಲಿತು, ಟೆಕ್ಸಸ್‌ನ ಮೆಕ್ಸಿಕನ್ ಮೂಲದವರ ತೇಜಾನೋ ಸಂಗೀತದ ರಾಣಿಯಾದಳು. 1994ರಲ್ಲಿ ಗ್ರ್ಯಾಮಿ ಬಂತು. 1995ರ ಫೆಬ್ರವರಿ 26ರಂದು ಹ್ಯೂಸ್ಟನ್ನಿನ ಆಸ್ಟ್ರೋಡೋಮ್‌ನಲ್ಲಿ ಅವಳ ಹಾಡು ಕೇಳಲು ಅರವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಮಾರ್ಚ್ 31ರಂದು ಅವಳ ಕೊಲೆಯಾಯಿತು. ಇಪ್ಪತ್ತನಾಲ್ಕು ತುಂಬಲು ಇನ್ನೂ ಎರಡು ವಾರವಿತ್ತು.

ಈ ಬದುಕನ್ನು ಗಾಥಿಕ್ ಕಾದಂಬರಿಯಂತೆ ಓದುವುದು ಸುಲಭ. ಬೇಕಾದದ್ದೆಲ್ಲ ಅದರಲ್ಲಿದೆ. ಹೋಟೆಲು ನಷ್ಟವಾಗಿ ಮುಚ್ಚಿದ ಮೇಲೆ ಮಕ್ಕಳ ವಾದ್ಯತಂಡವನ್ನೇ ಸಂಸಾರದ ಆಧಾರ ಮಾಡಿಕೊಂಡ, ಮಗಳ ವೃತ್ತಿಯನ್ನು ತಾನೇ ಆಳಿದ ತಂದೆ. ತಂಡದ ಗಿಟಾರ್ ವಾದಕನ ಮೇಲೆ ಅವಳಿಗೆ ಪ್ರೀತಿ, ಅದಕ್ಕೆ ತಂದೆಯ ಅಡ್ಡಿ, 1992ರಲ್ಲಿ ಗುಟ್ಟಾಗಿ ನಡೆದ ಮದುವೆ. ಆಮೇಲೆ ಅಭಿಮಾನಿ ಸಂಘ ನಡೆಸುತ್ತ ನಂಬಿಕೆ ಗಳಿಸಿ, ಸೆಲೀನಾಳ ಉಡುಪಿನಂಗಡಿಗಳ ಹೊಣೆಯನ್ನೂ ಪಡೆದ ಯೋಲಾಂಡಾ ಸಾಲ್ದೀವರ್. ಕೊನೆಗೆ ಒಂದು ಮೋಟೆಲು, ಬೆನ್ನಿಗೆ ಬಿದ್ದ ಒಂದು ಗುಂಡು.

ಆದರೆ ಹಾಗೆ ಓದಿದರೆ ಕೊಲೆ ಹಣೆಬರಹವಾಗಿಬಿಡುತ್ತದೆ. ಇಲ್ಲಿ ಯಾವ ಶಾಪವೂ ಇರಲಿಲ್ಲ. ಲೆಕ್ಕಕ್ಕೆ ಸಿಗದ ಹಣವಿತ್ತು, ಹಿಂದಿರುಗಿಸಬೇಕಾದ ಕಾಗದಪತ್ರಗಳಿದ್ದವು, ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡ ರಿವಾಲ್ವರ್ ಇತ್ತು. ಯೋಲಾಂಡಾ ಮನಸ್ಸು ಮಾಡಿ ಕೊಂದಳು. ಅದನ್ನು ಕತ್ತಲೆಯ ಸೊಬಗಿನಲ್ಲಿ ಹೇಳುವುದು ಸತ್ತವಳಿಗೆ ಮಾಡುವ ಅನ್ಯಾಯ ಎಂದೇ ನನ್ನ ಎಣಿಕೆ. 2002ರಲ್ಲಿ ನ್ಯಾಯಾಲಯದ ಆದೇಶದಂತೆ ಆ ರಿವಾಲ್ವರನ್ನು ಚೂರು ಮಾಡಿ ಕೊಲ್ಲಿಗೆ ಎಸೆದರು. ಒಳ್ಳೆಯ ಕೆಲಸ. ಇಲ್ಲದಿದ್ದರೆ ಅದಕ್ಕೂ ಒಂದು ಗಾಜಿನ ಪೆಟ್ಟಿಗೆ, ಒಂದು ಟಿಕೆಟ್ ದರ ನಿಗದಿಯಾಗುತ್ತಿತ್ತು.

ದೆವ್ವದ ಕತೆ ನಿಜವಾಗಿ ಶುರುವಾದದ್ದು ಅವಳು ಸತ್ತ ಮೇಲೆ, ಬದುಕಿರುವವರ ಕೈಯಲ್ಲಿ. ಅರ್ಧಕ್ಕೆ ನಿಂತಿದ್ದ ಆಲ್ಬಮ್ 1995ರ ಜುಲೈನಲ್ಲಿ ಹೊರಬಂದು ಅಮೆರಿಕದ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೇರಿತು. ಅದರಲ್ಲಿ ತಪ್ಪು ಕಾಣುವುದಿಲ್ಲ. ಆ ಹಾಡುಗಳನ್ನು ಅವಳೇ ಹಾಡಿದ್ದಳು. 2022ರಲ್ಲಿ ಬಂದದ್ದು ಬೇರೆಯೇ. ಹದಿಹರೆಯದಲ್ಲಿ ಹಾಡಿಟ್ಟಿದ್ದ ಹಾಡುಗಳನ್ನು ಮನೆಯವರು ಹೊಸ ಆಲ್ಬಮ್ ಮಾಡಿದರು. ಅಣ್ಣ ಎ.ಬಿ. ಕಂಪ್ಯೂಟರಿನ ನೆರವಿನಿಂದ ಆ ಎಳೆಯ ಕಂಠಕ್ಕೆ ವಯಸ್ಸು ಕೂಡಿಸಿದ. ಅವನ ನೋವು ನನಗೆ ಅರ್ಥವಾಗುತ್ತದೆ. ಕಳೆದುಕೊಂಡ ತಂಗಿ ದೊಡ್ಡವಳಾಗಿ ಹಾಡಿದ್ದರೆ ಹೇಗಿರುತ್ತಿತ್ತು ಎಂದು ಯಾವ ಅಣ್ಣನಿಗೆ ಅನಿಸದು? ಆದರೂ ಆ ಹುಡುಗಿ ಹಾಗೆ ಹಾಡಿರಲಿಲ್ಲ. ಸತ್ತವರು ಬೇಡ ಎನ್ನಲಾರರು, ಬದಲಾಯಿಸಿ ಎನ್ನಲಾರರು. ಬಾಯಿಲ್ಲದವರ ಪರವಾಗಿ ಒಪ್ಪಿಗೆ ಕೊಡುವಾಗ ಪ್ರೀತಿಗೂ ಒಂದು ಅಂಕೆ ಬೇಕು.

ಮೆಕ್ಸಿಕೋದಲ್ಲಿ ನವೆಂಬರ್ ಮೊದಲೆರಡು ದಿನ ಸತ್ತವರನ್ನು ಚೆಂಡುಹೂವಿನ ಹಾದಿ ಹಾಸಿ ಮನೆಗೆ ಕರೆಯುತ್ತಾರೆ, ಇಷ್ಟದ ಅಡುಗೆ ಬಡಿಸುತ್ತಾರೆ, ಮತ್ತೆ ಕಳಿಸಿಕೊಡುತ್ತಾರೆ. ಸೆಲೀನಾಳ ಮನೆಯವರದು ಯೆಹೋವನ ಸಾಕ್ಷಿಗಳ ಪಂಥ. ಅವರಲ್ಲಿ ಆ ಹಬ್ಬವಿಲ್ಲ. ಸತ್ತವರು ಏನನ್ನೂ ಅರಿಯದೆ ನಿದ್ರಿಸುತ್ತಿರುತ್ತಾರೆ ಎಂಬುದು ಅವರ ನಂಬಿಕೆ. ಒಂದು ದಾರಿ ಕರೆದು ಕಳಿಸುತ್ತದೆ, ಇನ್ನೊಂದು ಮಲಗಗೊಡುತ್ತದೆ. ಎರಡರಲ್ಲೂ ಹೋದವರಿಗೆ ಬಿಡುಗಡೆಯಿದೆ. ಅದನ್ನು ಕೊಡದಿರುವುದು ಮಾರುಕಟ್ಟೆಯೊಂದೇ, ಮತ್ತು ಅದರ ಗಿರಾಕಿಗಳಾದ ನಾವು.

ಸೆಲೀನಾಳನ್ನು ಕೇಳಬೇಕೆನಿಸಿದರೆ ಆಸ್ಟ್ರೋಡೋಮ್‌ನ ಆ ರಾತ್ರಿಯ ಧ್ವನಿಮುದ್ರಣವಿದೆ. ಅಲ್ಲಿ ಹಾಡುವವಳು ಇಪ್ಪತ್ತಮೂರರ ಹುಡುಗಿ, ಮುಂದೇನೆಂದು ಅರಿಯದವಳು. ದಯವಿಟ್ಟು ಅವಳನ್ನು ಹಾಗೆಯೇ ಕೇಳಿ.