ಬೆವತ ಕುದುರೆಗೆ ಸಲ್ಲತಕ್ಕ ಋಣ

ಮೂಕಪಶುವಿನ ಸುಖದುಃಖವನ್ನು ವಿಚಾರಿಸುವದೂ ನೀತಿವಂತನ ಲಕ್ಷಣವೆಂದು ಜ್ಞಾನೋಕ್ತಿಗಳ ಪುಸ್ತಕದ 12ನೆಯ ಅಧ್ಯಾಯದಿಂದ ಕಲಿಯುತ್ತೇವೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ನಮ್ಮ ಬಸವನ ಬಾಗೇವಾಡಿಯ ಬಯಲುಸೀಮೆಯಲ್ಲಿ ಹೊತ್ತು ಮುಳುಗಿದ ಮೇಲೆ ಚಳಿ ಏರುವದು. ಓಡಿ ಬೆವತ ಕುದುರೆಯನ್ನು ಆಗ ಬಯಲಲ್ಲಿ ಕಟ್ಟಿ, ನಾವು ಒಳಗೆ ಹೋಗಿ ಬಾಗಿಲಿಕ್ಕಿಕೊಂಡರೆ ಅದರ ಗತಿಯೇನು? ಒಣಗಿದ ರೋಮಗಳ ನಡುವೆ ನಿಂತ ಗಾಳಿಯೇ ದೇವರು ಅದಕ್ಕೆ ಹೊದಿಸಿದ ಕಂಬಳಿ. ರೋಮ ತೊಯ್ದು ಮೈಗೆ ಅಂಟಿದರೆ ಆ ಕಂಬಳಿ ನಿಷ್ಪ್ರಯೋಜಕವಾಗುವದು. ಬೆವರು ಆರುತ್ತಾ ಮೈಯ ಕಾವನ್ನೂ ಕೊಂಡೊಯ್ಯುವದು.

ಆದದರಿಂದ ಊರು ಸಮೀಪಿಸುವಾಗ ಓಟ ಬಿಡಿಸಿ ಮೆಲ್ಲಗೆ ನಡಿಸಿರಿ. ಗಾಳಿ ತಾಕದ ಕಡೆ ನಿಲ್ಲಿಸಿ, ಒಣಹುಲ್ಲಿನ ಹಿಡಿಯಿಂದಾಗಲಿ ಗೋಣಿತಟ್ಟಿನಿಂದಾಗಲಿ ಮೈಯೆಲ್ಲಾ ತಿಕ್ಕಿರಿ. ಜೀನಿನ ಕೆಳಗಣ ಭಾಗವನ್ನು ಮರೆಯಬೇಡಿರಿ. ರೋಮಕ್ಕೆ ಎದುರಾಗಿ ತಿಕ್ಕಿದರೆ ಅದು ಬಿಡಿಬಿಡಿಯಾಗಿ ಬೇಗ ಆರುವದು. ಬೆನ್ನಿನ ಮೇಲೆ ಒಣಹುಲ್ಲು ಹರಡಿ ಕಂಬಳಿ ಹೊದಿಸಿದರೆ ಹಬೆ ಹೊರಗೆ ಹೋಗುವದು. ಕಂಬಳಿ ತೊಯ್ದರೆ ಒಣದನ್ನು ಹಾಕಿರಿ. ಕಿವಿಯ ಬುಡವನ್ನು ಮುಟ್ಟಿ ನೋಡಿರಿ. ಅದು ಒಣಗಿ ಬೆಚ್ಚಗಾಗುವ ತನಕ ನಮ್ಮ ಕೆಲಸ ಮುಗಿಯಲಿಲ್ಲ.

ವಿಜಯಪುರದಲ್ಲಿ ಟಾಂಗಾ ಎಳೆಯುವ ಕುದುರೆಯೂ ನಮ್ಮ ಹೊಲದಲ್ಲಿ ರಂಟೆ ಎಳೆಯುವ ಎತ್ತೂ ಕೂಲಿ ಕೇಳಲಾರವು. ಅವುಗಳ ಪರವಾಗಿ ಕೇಳುವಾತನು ಸೃಷ್ಟಿಕರ್ತನೇ. ದುಡಿಸುವಾಗ ಪಶುವನ್ನು ನೆನಸಿ, ಕೆಲಸ ತೀರಿದೊಡನೆ ಮರೆಯುವವನು, ನಾಳೆ ಮುದಿ ತಂದೆಯನ್ನೂ ಕಾಯಿಲೆಬಿದ್ದ ಆಳನ್ನೂ ಹಾಗೆಯೇ ಮರೆಯುವನು. ನಾವು ರೊಟ್ಟಿಗೆ ಕೂಡ್ರುವದಕ್ಕೆ ಮುಂಚೆ ಅದರ ಮೈ ಆರಿಸೋಣ.