ಹೋದ ವರ್ಷದ ಗಾಡಿ

ಹುಬ್ಬಳ್ಳಿಯ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ 31 ವರ್ಷದಿಂದ ನಾನು ಟರ್ನರ್. ಮಗಳು ಸಿಇಟಿ ಬರೆದು ಆಪ್ಷನ್ ಎಂಟ್ರಿಗೆ ಕೂತಾಗ ಹಟ ಹಿಡಿದದ್ದು ಒಂದಕ್ಕೇ: ಬಾಹಾ ತಂಡ ಇರುವ ಕಾಲೇಜೇ ಆಗಬೇಕು. ಹುಡುಗ ಹುಡುಗಿಯರೇ ಪೈಪು ಬಗ್ಗಿಸಿ, ವೆಲ್ಡಿಂಗ್ ಮಾಡಿ, ಒಬ್ಬರು ಕೂರುವ ಗಾಡಿ ಕಟ್ಟಿ ಕಲ್ಲುಮಣ್ಣಿನ ಹಾದಿಯಲ್ಲಿ ಓಡಿಸುವ ಸ್ಪರ್ಧೆಯದು. ನಮ್ಮ ದೇಶದಲ್ಲಿ 2007ರಲ್ಲಿ, ಇಂದೋರ್ ಹತ್ತಿರದ ಪೀಥಂಪುರದಲ್ಲಿ ಶುರುವಾಯಿತು.

"ಅಪ್ಪಾ, ಕಾಯಕ ಮಾಡಾವ್ರು ಫಲದ ಆಸೆ ಇಟ್ಕೋಬಾರದು ಅಂತೀರಿ. ಹಂಗಾದ್ರ ನಾ ಗೆಲ್ಲಾಕಂತ ಹೋಗೋದು ತಪ್ಪೇನು?" ಎಂದು ಕೇಳಿದಳು.

ಎರಡು ದಿನ ಉತ್ತರ ಹೊಳೆಯಲಿಲ್ಲ. ಮೂರನೆಯ ದಿನ ಬೇರಿಂಗ್ ಕೂರುವ ಬೋರಿಗೆ ಪ್ಲಗ್ ಗೇಜ್ ಹಾಕುತ್ತಿದ್ದೆ. ಅದರ ಗೋ ತುದಿ ಒಳಗೆ ಹೋಗಬೇಕು, ನೋಗೋ ತುದಿ ಹೋಗಬಾರದು. ನಾನು ಎಷ್ಟು ಭಕ್ತಿಯಿಂದ ಕೆಲಸ ಮಾಡಿದೆ ಎಂದು ಅದು ಕೇಳುವುದಿಲ್ಲ. ಅಳತೆಗೆ ಒಡ್ಡದ ಕೆಲಸವನ್ನು ಕಾಯಕ ಎಂದು ಕರೆದುಕೊಂಡರೆ ನನ್ನನ್ನು ನಾನೇ ನಂಬಿಸಿಕೊಂಡಂತೆ. ಬಾಹಾದಲ್ಲೂ ಬ್ರೇಕ್ ಹಾಕಿದಾಗ ನಾಲ್ಕೂ ಗಾಲಿ ಲಾಕ್ ಆಗದಿದ್ದರೆ ಗಾಡಿಯನ್ನು ಟ್ರ್ಯಾಕಿಗೆ ಬಿಡುವುದಿಲ್ಲ. ಖರ್ಚಿನ ಲೆಕ್ಕ ಬಿಡಿಭಾಗ ಸಮೇತ ಒಪ್ಪಿಸಬೇಕು. ಕೊನೆಗೆ ನಾಲ್ಕು ಗಂಟೆಯ ಎಂಡ್ಯೂರೆನ್ಸ್ ಓಟ. ಸ್ಪರ್ಧೆ ಗೇಜಿನ ಕೆಲಸ ಮಾಡುವುದಾದರೆ ಕಾಯಕಕ್ಕೆ ಅದರಿಂದ ಕುಂದಿಲ್ಲ. ಇದನ್ನು ಮಗಳಿಗೆ ಹೇಳಿದೆ.

ಆದರೆ ಶರಣರು ಕಾಯಕದ ಜೊತೆಗೆ ದಾಸೋಹವನ್ನೂ ಹೇಳಿದ್ದಾರೆ. ಗಳಿಸಿದ್ದು ಹಂಚಿಹೋಗಬೇಕು. ಕೌಶಲವೂ ಗಳಿಕೆಯೇ ಅಲ್ಲವೆ? ನನಗೆ ಲೇತ್ ಕಲಿಸಿದ ಹಿರಿಯರು ಟೂಲಿನ ಮೂತಿ ಮಸೆಯುವ ಕೋನವನ್ನು ಸಹ ಬಚ್ಚಿಡಲಿಲ್ಲ. ಹಾಗಾಗಿ ಕಾಲೇಜು ನೋಡಲು ಹೋದಾಗ ಕಪ್ಪುಗಳೆಷ್ಟು ಎಂದು ನಾನು ಕೇಳಲಿಲ್ಲ. ಹೋದ ವರ್ಷದ ಗಾಡಿ ಎಲ್ಲಿದೆ ಎಂದು ಕೇಳಿದೆ.

ಒಂದು ಕಡೆ, "ಸೀನಿಯರ್ಸ್ ಪಾಸಾಗಿ ಹೋದ್ರ್ರಿ, ಡ್ರಾಯಿಂಗ್ ಎಲ್ಲಾ ಅವರ ಲ್ಯಾಪ್‌ಟಾಪಿನ್ಯಾಗ ಇದ್ವು" ಎಂದರು. ಗೆದ್ದ ತಂಡವೇ ಅದು, ಜಾಣ ಮಕ್ಕಳೇ. ಇನ್ನೊಂದು ಕಡೆ ಹಳೆಯ ಗಾಡಿ ಇಟ್ಟಿಗೆಯ ಮೇಲೆ ನಿಂತಿತ್ತು. ಫಸ್ಟ್ ಇಯರಿನ ಇಬ್ಬರು ಗೇರ್‌ಬಾಕ್ಸ್ ಬಿಚ್ಚುತ್ತಿದ್ದರು. ಗ್ರೀಸ್ ಹತ್ತಿದ ಉದ್ದನೆಯ ರಿಜಿಸ್ಟರೊಂದರಲ್ಲಿ ಯಾವ ವೆಲ್ಡ್ ಯಾಕೆ ಬಿಟ್ಟಿತು ಎಂದು ಮೂರು ಬ್ಯಾಚಿನವರು ಬರೆದಿಟ್ಟಿದ್ದರು. ನಿಂತಲ್ಲೇ ಹತ್ತು ಪುಟ ಓದಿದೆ. ಸೋಲನ್ನು ಅಷ್ಟು ನಿಚ್ಚಳವಾಗಿ ಬರೆದು ಮುಂದಿನವರಿಗೆ ಬಿಟ್ಟುಹೋಗುವುದು ಅನ್ನ ನೀಡಿದಷ್ಟೇ ದೊಡ್ಡದು ಎಂದು ನನಗೆ ಅನಿಸಿತು.

ಮಗಳು ಆ ಕಾಲೇಜನ್ನೇ ಮೊದಲ ಆಪ್ಷನ್ ಮಾಡಿದಳು. ಸೇವ್ ಒತ್ತುವ ಮೊದಲು, "ಆದ್ರ ಅಲ್ಲಿ ಗೆಲ್ಲೋ ತಂಡ ಐತಲ್ವಾ" ಎಂದು ಮೊದಲಿನ ಕಾಲೇಜಿನ ಹೆಸರೆತ್ತಿದವನು ನಾನೇ. ಆಕೆ ನನ್ನ ಮುಖ ನೋಡಿದಳು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ತಂದಲ್ಲೇ ಸುರಿದು ಬಾ ಎಂದು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಆಕೆಗೆ ಚಿಕ್ಕಂದಿನಲ್ಲಿ ಹೇಳಿದವನೂ ನಾನೇ. ಫಲದ ಆಸೆ ಯಾರಲ್ಲಿದೆ ಎಂಬುದು ಆಗ ತಿಳಿಯಿತು.

"ಸೇವ್ ಮಾಡವ್ವಾ" ಎಂದೆ.