ಗುಡ್ಡದ ಮೇಲಿನ ಹಕ್ಕು, ಬುಡದಲ್ಲಿನ ಬದುಕು

ಒಂದು ಕಾಲದಲ್ಲಿ ಮಳೆಗಾಗಿ ಪ್ರಾರ್ಥಿಸುತ್ತಿದ್ದ ಮಲೆನಾಡಿನವರು ಇಂದು ಮಳೆ ನಿಲ್ಲಲೆಂದು ಪ್ರಾರ್ಥಿಸುವಂತಾಗಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲದ ಸುತ್ತ ಗುಡ್ಡಗಳು ಕುಸಿದು ಸಾವಿರಾರು ಜನ ಪರಿಹಾರ ಶಿಬಿರ ಸೇರಿದರು. 2019ರಲ್ಲಿ ವಿರಾಜಪೇಟೆ ಸಮೀಪದ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಅದೇ ದುರಂತ ಮರುಕಳಿಸಿತು. 2024ರ ಜುಲೈ 16ರಂದು ಅಂಕೋಲದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಅದಾಗಿ ಎರಡೇ ವಾರಕ್ಕೆ, ಜುಲೈ 30ರ ನಸುಕಿನಲ್ಲಿ, ನೆರೆಯ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲದಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು. ದುಡಿಮೆ ಅರಸಿ ಅಲ್ಲಿಗೆ ಹೋಗಿದ್ದ ಕನ್ನಡಿಗರೂ ಅವರಲ್ಲಿದ್ದರು.

ಇಂಥ ಪ್ರತಿ ಸಂದರ್ಭದಲ್ಲೂ ನಮ್ಮ ಬಾಯಿಂದ ಬರುವ ಮೊದಲ ಮಾತು 'ವಿಧಿ'. ವಿಧಿಯಲ್ಲಿ ನಂಬಿಕೆ ನಮ್ಮ ವಿಶ್ವಾಸದ ಭಾಗವೇ ಹೌದು. ಆದರೆ ಒಂಟೆಯನ್ನು ಕಟ್ಟಿದ ಮೇಲೆ ಅಲ್ಲಾಹನಲ್ಲಿ ಭರವಸೆ ಇಡಬೇಕೆಂದು ಕಲಿಸಿದ ಪ್ರವಾದಿ ಮುಹಮ್ಮದ್(ಸ)ರ ಅನುಯಾಯಿಗಳು, ಒಂಟೆಯನ್ನು ಕಟ್ಟದೆಯೇ ವಿಧಿಯನ್ನು ದೂರುವುದು ಸರಿಯೇ? ಮಳೆ ಸುರಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಇಳಿಜಾರನ್ನು ಗೋಡೆಯಂತೆ ನೇರವಾಗಿ ಕಡಿದವರು ನಾವು. ನೀರು ಹರಿಯುತ್ತಿದ್ದ ತೋಡಿಗೆ ಮಣ್ಣು ತುಂಬಿ ಅಂಗಳ ಮಾಡಿಕೊಂಡವರು ನಾವು. ಇಳಿಯಲು ದಾರಿ ಸಿಗದ ನೀರು ಮಣ್ಣಿನೊಳಗೇ ತುಂಬಿಕೊಳ್ಳುತ್ತದೆ, ಬುಡದ ಆಸರೆ ಕಳೆದುಕೊಂಡ ಗುಡ್ಡ ಒಂದು ರಾತ್ರಿ ಜಾರುತ್ತದೆ. ಕೊಡಗಿನ ಕುಸಿತಗಳನ್ನು ಪರಿಶೀಲಿಸಿದ ಭೂವಿಜ್ಞಾನಿಗಳು ಭಾರೀ ಮಳೆಯ ಜೊತೆಗೆ ಮನೆ, ರಸ್ತೆಗಳಿಗಾಗಿ ಇಳಿಜಾರು ಕಡಿದುದನ್ನೂ ಕಾರಣವಾಗಿ ಎತ್ತಿ ತೋರಿಸಿದ್ದರು.

ಇಲ್ಲಿಯೇ ನೈತಿಕ ಪ್ರಶ್ನೆ ಏಳುತ್ತದೆ. 'ನನ್ನ ಜಮೀನು, ನನ್ನ ದುಡ್ಡು, ನಾನು ಹೇಗೆ ಬೇಕಾದರೂ ಕಟ್ಟುತ್ತೇನೆ' ಎನ್ನುವವನಿಗೆ ಸಮಾಜ ಏನು ಉತ್ತರ ಕೊಡಬೇಕು?

ಪ್ರವಾದಿವರ್ಯರು(ಸ) ಹೇಳಿದ ಹಡಗಿನ ದೃಷ್ಟಾಂತ ನಮ್ಮಲ್ಲಿ ಅನೇಕರಿಗೆ ಗೊತ್ತು. ಹಡಗೊಂದರಲ್ಲಿ ಕೆಲವರಿಗೆ ಮೇಲಂತಸ್ತು, ಕೆಲವರಿಗೆ ಕೆಳಂತಸ್ತು. ನೀರಿಗಾಗಿ ಪ್ರತಿ ಸಲ ಮೇಲೆ ಹತ್ತಿ ಅಲ್ಲಿಯವರಿಗೆ ತೊಂದರೆ ಕೊಡುವ ಬದಲು, ತಮ್ಮ ಪಾಲಿನ ಜಾಗದಲ್ಲೇ ಒಂದು ತೂತು ಕೊರೆಯೋಣವೆಂದು ಕೆಳಗಿನವರು ಯೋಚಿಸುತ್ತಾರೆ. ಅವರನ್ನು ಅವರಷ್ಟಕ್ಕೆ ಬಿಟ್ಟರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ಸ್ವಂತ ಜಾಗದಲ್ಲಿ ಕೊರೆದ ತೂತಿನಿಂದ ಬರುವ ನೀರು ಸ್ವಂತ ಜಾಗದಲ್ಲಿ ನಿಲ್ಲುವುದಿಲ್ಲ ಎಂಬುದೇ ಇದರ ಪಾಠ.

ಗುಡ್ಡದ ವಿಷಯದಲ್ಲಿ ಈ ಹಡಗು ಇನ್ನಷ್ಟು ಅನ್ಯಾಯದ್ದು. ಇಲ್ಲಿ ತೂತು ಕೊರೆಯುವವರು ಹೆಚ್ಚಾಗಿ ಮೇಲಿನವರು, ಮೊದಲು ಮುಳುಗುವವರು ಕೆಳಗಿನವರು. ನೋಟ ಚೆನ್ನಾಗಿರುವಲ್ಲಿ ರೆಸಾರ್ಟ್ ಏಳುತ್ತದೆ. ತೋಟಗಳ ಲೈನ್ ಮನೆಗಳು, ಪೈಸಾರಿ ಜಾಗದ ಗುಡಿಸಲುಗಳು ಯಾರಿಗೂ ಬೇಡವಾದ ಅಂಚಿನಲ್ಲಿ ಇರುತ್ತವೆ. 2019ರಲ್ಲಿ ಕಾವೇರಿ ಉಕ್ಕಿದಾಗ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ಹೊಳೆದಂಡೆಯಲ್ಲಿ ಮನೆ ಕಳೆದುಕೊಂಡವರಲ್ಲಿ ಬೇರೆಲ್ಲೂ ಜಾಗವಿಲ್ಲದ ಕೂಲಿಯವರೇ ಹೆಚ್ಚು.

ದೃಷ್ಟಾಂತದ ಇನ್ನೊಂದು ಸೂಕ್ಷ್ಮವನ್ನೂ ನಾವು ಗಮನಿಸಬೇಕು. ಕೆಳಗಿನವರು ದುಷ್ಟರಾಗಿರಲಿಲ್ಲ, ಅವರಿಗೆ ನೀರು ಬೇಕಾಗಿತ್ತು. ಕೈ ಹಿಡಿದು ತಡೆಯುವುದು ಅರ್ಧ ಕರ್ತವ್ಯ ಮಾತ್ರ, ಅವರಿಗೆ ನೀರು ತಲುಪಿಸುವುದು ಉಳಿದರ್ಧ. ಹೊಳೆದಂಡೆಯಿಂದ ಏಳಿ ಎಂದು ಬಡವನಿಗೆ ಹೇಳುವ ಆಡಳಿತ, ಏಳುವ ಮುನ್ನ ಎಲ್ಲಿ ಕೂರಬೇಕೆಂದೂ ಹೇಳಬೇಕು. ಹೋಮ್‌ಸ್ಟೇಯಿಂದಲೇ ಮಕ್ಕಳ ಶಾಲೆಯ ಶುಲ್ಕ ಕಟ್ಟುವ ಸಣ್ಣ ಬೆಳೆಗಾರನನ್ನು ಪರಿಸರದ ಶತ್ರುವೆಂದು ಕರೆದು ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ.

ಹಾಗಾದರೆ ಕೈ ಹಿಡಿಯಬೇಕಾದವರು ಯಾರು? ದೂರದ ರಾಜಧಾನಿಯೇ? 2011ರಲ್ಲಿ ಮಾಧವ ಗಾಡ್ಗೀಳರ ಸಮಿತಿ ಪಶ್ಚಿಮ ಘಟ್ಟದ ಬಗ್ಗೆ ವರದಿ ಕೊಟ್ಟ ನಂತರದ ವರ್ಷಗಳಲ್ಲಿ ಊರೂರುಗಳಲ್ಲಿ ಪ್ರತಿಭಟನೆ ನಡೆಯಿತು. ನಿರ್ಧಾರ ಗ್ರಾಮಸಭೆಗಳಿಂದ ಮೇಲಕ್ಕೆ ಬರಬೇಕೆಂಬ ಮಾತು ಆ ವರದಿಯಲ್ಲೇ ಇತ್ತು. ಓದಿ ವಿರೋಧಿಸಿದವರಿಗಿಂತ ವದಂತಿ ಕೇಳಿ ವಿರೋಧಿಸಿದವರೇ ಹೆಚ್ಚೆಂದರೆ ತಪ್ಪಾಗಲಾರದು. ಅದಕ್ಕೆ ಅವರನ್ನಷ್ಟೇ ದೂರುವಂತಿಲ್ಲ. ವರದಿ ಇಂಗ್ಲಿಷ್‌ನಲ್ಲಿತ್ತು, ಭಯ ಮಾತ್ರ ಕನ್ನಡದಲ್ಲಿ ತಲುಪಿತು.

ಕಾನೂನಿನಲ್ಲಿ ದಾರಿ ಇಲ್ಲದಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿಯೊಂದಿಗೆ ಸೇರಿದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯತ್‌ಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಭೂಕುಸಿತ, ಪ್ರವಾಸೋದ್ಯಮ ಎಂಬ ಪದಗಳು ಅದರಲ್ಲಿಲ್ಲ. ಆದರೆ ಮಣ್ಣಿನ ಸಂರಕ್ಷಣೆ, ಜಲಾನಯನ, ಕುಡಿಯುವ ನೀರು, ರಸ್ತೆ, ವಸತಿ ಎಲ್ಲವೂ ಇವೆ. ಗುಡ್ಡ ಉಳಿಯುವುದೂ ಕುಸಿಯುವುದೂ ಇವುಗಳಿಂದಲೇ ತಾನೆ? 2005ರ ವಿಪತ್ತು ನಿರ್ವಹಣಾ ಕಾಯ್ದೆಯು ಕಟ್ಟಡಗಳು ವಿಪತ್ತು ತಡೆಯ ನಿಯಮಗಳಿಗೆ ಒಳಪಟ್ಟಿವೆಯೇ ಎಂದು ನೋಡುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೂ ಹೊರಿಸಿದೆ. ವರ್ಷವರ್ಷವೂ ತಯಾರಾಗುವ ಗ್ರಾಮ ಪಂಚಾಯತ್ ಅಭಿವೃದ್ಧಿ ಯೋಜನೆಯಲ್ಲಿ ಚರಂಡಿ, ಕಾಂಕ್ರೀಟ್ ರಸ್ತೆ, ಬೀದಿದೀಪಗಳ ಜೊತೆ ಊರಿನ ಅಪಾಯದ ಜಾಗಗಳ ಒಂದು ನಕ್ಷೆಯೂ ಏಕೆ ಇರಬಾರದು?

ನಕ್ಷೆ ಬರೆದರೆ ಜಮೀನಿನ ಬೆಲೆ ಬೀಳುತ್ತದೆ ಎಂಬ ಹೆದರಿಕೆ ನಿಜ. ಆದರೆ ಅಪಾಯದ ಅರಿವು ಒಂದು ಅಮಾನತ್ತು. ಕಚೇರಿಯ ಭಾಷೆಯಲ್ಲಿ ಅಮಾನತು ಎಂದರೆ ಕೆಲಸದಿಂದ ಹೊರಗಿಡುವುದು. ಇಸ್ಲಾಮಿನ ಪರಿಭಾಷೆಯಲ್ಲಿ ಅದು ನಂಬಿ ಒಪ್ಪಿಸಿದ ಸೊತ್ತು, ಹಕ್ಕುದಾರನಿಗೆ ತಲುಪಿಸಲೇಬೇಕಾದದ್ದು. ವ್ಯಾಪಾರಿ ಸರಕಿನ ದೋಷವನ್ನು ಮುಚ್ಚಿಟ್ಟು ಮಾರಬಾರದೆಂದು ಪ್ರತಿ ಮಸೀದಿಯಲ್ಲೂ ಉಪದೇಶ ಕೇಳುತ್ತೇವೆ. ಜರಿಯುವ ನೆಲವನ್ನು ಸೈಟು ಮಾಡಿ ಮಾರುವಾಗ ಆ ಉಪದೇಶ ನೆನಪಾಗುವುದಿಲ್ಲವೇಕೆ?

ವಿಹಾರದ ದಾರಿಗಳಿಗೂ ಇದೇ ಮಾತು ಅನ್ವಯ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತ ಹತ್ತಲು ಬಂದ ಜನಸಾಗರದ ಚಿತ್ರಗಳನ್ನು ನಾವೆಲ್ಲ ನೋಡಿದೆವು. ಆ ಬಳಿಕ ಅರಣ್ಯ ಇಲಾಖೆ, ಮುಂಗಡ ನೋಂದಣಿಯ ವ್ಯವಸ್ಥೆ ಇಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಬೆಟ್ಟ ನೋಡುವ ಆಸೆ ತಪ್ಪಲ್ಲ. ಸೃಷ್ಟಿಯನ್ನು ನೋಡಿ ಚಿಂತಿಸುವುದು ಪುಣ್ಯದ ಕೆಲಸವೇ. ಆದರೆ ಸಾವಿರ ಕಾಲುಗಳು ತುಳಿದ ದಾರಿಯಲ್ಲಿ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ. ಮಳೆಗಾಲದಲ್ಲಿ ಅದೇ ದಾರಿ ಕಾಲುವೆಯಾಗಿ ಗುಡ್ಡವನ್ನು ಸೀಳುತ್ತದೆ. ದಾರಿಯಲ್ಲಿನ ಮುಳ್ಳು ಸರಿಸುವುದು ವಿಶ್ವಾಸದ ಒಂದು ಅಂಗವೆಂದು ಕಲಿತವರು ನಾವು. ಇಂದು ಆ ಮುಳ್ಳು ಪ್ಲಾಸ್ಟಿಕ್ ಬಾಟಲಿ ಇರಬಹುದು, ಕೆಲವೊಮ್ಮೆ ತಪ್ಪಾದ ಕಡೆ ಮಾಡಿದ ದಾರಿಯೇ ಇರಬಹುದು. ದಿನಕ್ಕೆ ಎಷ್ಟು ಮಂದಿ, ಯಾವ ತಿಂಗಳು ಬಂದ್, ಬಂದ ಹಣದಲ್ಲಿ ಊರಿನ ಪಾಲೆಷ್ಟು ಎಂಬುದನ್ನು ನಿರ್ಧರಿಸುವಾಗ ಆ ಬೆಟ್ಟದ ನೀರು ಕುಡಿಯುವವರ ಮಾತಿಗೂ ಬೆಲೆ ಇರಬೇಕು.

ಗ್ರಾಮಸಭೆಯೆಂದರೆ ಗುತ್ತಿಗೆದಾರರ ಸಭೆ, ಅಲ್ಲಿ ನಮಗೇನು ಕೆಲಸ ಎಂಬ ಉದಾಸೀನ ನಮ್ಮಲ್ಲಿದೆ. ಮುಸ್ಲಿಮರಲ್ಲಿ ಅದು ತುಸು ಹೆಚ್ಚೇ ಇದೆ. ಜಮಾಅತಿನ ಲೆಕ್ಕಪತ್ರಕ್ಕೆ ಜಗಳವಾಡುವ ನಾವು ಊರಿನ ತೋಡು ಎಲ್ಲಿ ಹೋಯಿತೆಂದು ಕೇಳುವುದಿಲ್ಲ. ದುರಂತದ ಮರುದಿನ ಅಕ್ಕಿ, ಕಂಬಳಿ ಹೊತ್ತು ಜಾತಿಮತ ನೋಡದೆ ಓಡುವ ನಮ್ಮ ಹುಡುಗರ ಬಗ್ಗೆ ನಮಗೆ ಹೆಮ್ಮೆಯಿದೆ. ಅದೇ ಹುಡುಗರು ಮಳೆಗೆ ಮೊದಲೇ ಗ್ರಾಮಸಭೆಯಲ್ಲಿ ಎದ್ದು ನಿಂತು, 'ಈ ಗುಡ್ಡದ ಬುಡದಲ್ಲಿ ಎಷ್ಟು ಮನೆಗಳಿವೆ? ಅವರನ್ನು ಕೇಳಿದ್ದೀರಾ?' ಎಂದು ಪ್ರಶ್ನಿಸಿದರೆ ಅದೂ ಪರಿಹಾರ ಕಾರ್ಯವೇ. ಅದರಿಂದ ಉಳಿದ ಜೀವಗಳ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಬರಬೇಕಾಗಿಯೂ ಇಲ್ಲ.